ಕೆರೆ ಏರಿಯಿಂದ ಶುರು ಮಾಡಿ: ಹಕ್ಕಿ, ಹುಳಗಳ ಫೋಟೊ ತೆಗೆಯಲು ಸಮಗ್ರ ಮಾರ್ಗದರ್ಶಿ

ಹಕ್ಕಿ ಫೋಟೊ ಅಂದ ಕೂಡಲೇ ತುಂಬಾ ಜನರಿಗೆ ನೆನಪಾಗುವುದು ಕಬಿನಿ, ದಾಂಡೇಲಿ, ಆಗುಂಬೆ. ರಜೆ ಹಾಕಿ, ಗಾಡಿ ಮಾಡಿಕೊಂಡು, ಎರಡು ದಿನ ಸುತ್ತಿ ಬರುತ್ತಾರೆ. ಒಂದೆರಡು ಒಳ್ಳೆಯ ಚಿತ್ರ ಸಿಗಲೂಬಹುದು. ಆದರೆ ಕಲಿಯಬೇಕು ಅಂತ ಆಸೆ ಇದ್ದರೆ ನಿಮ್ಮೂರಿನ ಕೆರೆಯೇ ಸಾಕು. ವಾರಕ್ಕೆ ಎರಡು ಸಲ ಅದೇ ಜಾಗಕ್ಕೆ ಹೋಗಿ. ಹಕ್ಕಿಗೂ ಹುಳಕ್ಕೂ ಒಂದು ದಿನಚರಿ ಇರುತ್ತದೆ. ಅದು ಗೊತ್ತಾದ ಮೇಲೆ ಅವುಗಳ ಹಿಂದೆ ಓಡುವ ಕೆಲಸ ಇಲ್ಲ, ಅವು ಬರುವ ಕಡೆ ಮೊದಲೇ ಹೋಗಿ ಕೂತರಾಯಿತು. ಈ ಬರಹದಲ್ಲಿ ಹೇಳುವುದೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ.

ಮೊದಲ ವಾರ: ಕ್ಯಾಮೆರಾ ಮನೆಯಲ್ಲಿರಲಿ

ನಿಜವಾಗಿಯೂ ಹೇಳುತ್ತಿದ್ದೇನೆ. ಮೊದಲ ಎರಡು ಮೂರು ಸಲ ಒಂದು ನೋಟ್‌ಬುಕ್ಕು, ಇದ್ದರೆ ಒಂದು ದುರ್ಬೀನು ಹಿಡಿದು ಹೋಗಿ. ಕೆರೆ ಅಂದರೆ ಬರೀ ನೀರಲ್ಲ, ಅಲ್ವಾ? ಏರಿ ಇದೆ, ತೂಬು ಇದೆ, ಕೋಡಿ ಇದೆ, ನೀರು ಇಳಿದಾಗ ಕಾಣುವ ಅಂಗಳ ಇದೆ, ಏರಿಯ ಕೆಳಗೆ ಗದ್ದೆ ಇದೆ. ಒಂದೊಂದು ಕಡೆ ಒಂದೊಂದು ಜೀವದ ವಾಸ.

ಹಳೆ ಕೆರೆಗಳಲ್ಲಿ ನೀರೊಳಗೆ ಎರಡು ಕಲ್ಲು ಕಂಬ ನಿಲ್ಲಿಸಿ, ಮೇಲೊಂದು ಅಡ್ಡಗಲ್ಲು ಇಟ್ಟ ತೂಬು ಇರುತ್ತದೆ. ಆ ಅಡ್ಡಗಲ್ಲು ಮಿಂಚುಳ್ಳಿಗೆ ಮೀನು ನೋಡುವ ಕಟ್ಟೆ. ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುವುದೂ ಅಲ್ಲೇ. ಏರಿಯ ಜಾಲಿ ಗಿಡ, ತಂತಿ ಬೇಲಿ ಕಳ್ಳಿಪೀರಗಳಿಗೆ. ತಾವರೆ ಎಲೆಗಳ ಮೇಲೆ ದೇವನಕ್ಕಿ. ಕೆಸರಿನಲ್ಲಿ ಗದ್ದೆ ಗೊರವ, ಸಿಪಿಲೆ. ಗದ್ದೆ ಬದುವಿನ ಹುಲ್ಲಿನಲ್ಲಿ ಏರೋಪ್ಲೇನ್ ಚಿಟ್ಟೆ. ಏರಿಯಾಚೆ ಲಂಟಾನ ಪೊದೆ ಇದ್ದರೆ ಬಣ್ಣದ ಚಿಟ್ಟೆಗಳು.

ಯಾವುದು ಎಷ್ಟು ಹೊತ್ತಿಗೆ ಎಲ್ಲಿ ಕೂತಿತ್ತು, ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು, ಇಷ್ಟನ್ನು ಬರೆದುಕೊಳ್ಳಿ. ಬೆಳಗಿನ ಸೂರ್ಯ ನಿಮ್ಮ ಬೆನ್ನಿಗೆ ಬರುವ ಜಾಗ ಯಾವುದು ಅಂತ ಗುರುತು ಮಾಡಿ. ನಿಮ್ಮ ನೆರಳು ನೇರ ಹಕ್ಕಿಯ ಕಡೆ ಬಿದ್ದಿದೆ ಅಂದರೆ ಅದರ ಮುಖಕ್ಕೆ ಪೂರ್ತಿ ಬೆಳಕು ಇದೆ ಎಂದು ಲೆಕ್ಕ.

ಹೊತ್ತು ಮತ್ತು ಕಾಲ

ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಮುಳುಗುವ ಮುಂಚಿನ ಒಂದೂವರೆ ಗಂಟೆ. ಬೆಳಕು ಮೆತ್ತಗಿರುತ್ತದೆ, ಹಕ್ಕಿಗಳಿಗೆ ಹಸಿವೂ ಜಾಸ್ತಿ. ಹತ್ತು ಗಂಟೆ ದಾಟಿದರೆ ಇನ್ನೊಂದು ತೊಂದರೆ: ಕಾದ ನೆಲದಿಂದ ಏಳುವ ಬಿಸಿಗಾಳಿ. ದೂರದ ಹಕ್ಕಿಗೆ ಲೆನ್ಸ್ ಹಿಡಿದರೆ ಚಿತ್ರ ನೀರಿನಲ್ಲಿ ಅಲುಗಾಡಿದ ಹಾಗೆ ಮಸುಕಾಗುತ್ತದೆ. ಎಷ್ಟೇ ದುಡ್ಡಿನ ಲೆನ್ಸ್ ಇದ್ದರೂ ಅದನ್ನು ಸರಿ ಮಾಡಲಾಗದು.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳ ಕಾಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುವುದು ಈ ಚಳಿಗಾಲದಲ್ಲೇ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದ ಮೇಲೆಯೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಅಲ್ಲಿ ಹೋದರೆ ನಾವೂ ಆ ಮನೆಗೆ ಬಂದ ನೆಂಟರ ಹಾಗೆ ಇರಬೇಕು. ಮಳೆ ಶುರುವಾದ ಮೇಲೆ ಗೀಜಗ ಗೂಡು ನೇಯುತ್ತದೆ. ಹುಳಗಳಿಗೆ ಜೂನ್‌ನಿಂದ ನವೆಂಬರ್ ಒಳ್ಳೆಯ ಕಾಲ.

ಏನು ಬೇಕು, ಏನು ಬೇಡ

ಹಕ್ಕಿಗೆ ಉದ್ದ ಲೆನ್ಸ್ ಬೇಕು, ಅದು ನಿಜ. 70-300 ಎಂಎಂ ಲೆನ್ಸಿನಿಂದ ಶುರು ಮಾಡಬಹುದು. ಸಣ್ಣ ಸೆನ್ಸರ್‌ನ (ಬೆಳಕು ಹಿಡಿಯುವ ಚಿಪ್, ಎಪಿಎಸ್-ಸಿ ಅಳತೆಯದು) ಕ್ಯಾಮೆರಾದಲ್ಲಿ ಅದರ 300 ಸುಮಾರು 450ರಷ್ಟು ಹತ್ತಿರ ಕಾಣಿಸುತ್ತದೆ. ಆಮೇಲೆ ಆಸೆ, ಅನುಕೂಲ ಎರಡೂ ಇದ್ದರೆ 150-600 ತಗೊಳ್ಳಿ. ಲೆನ್ಸ್ ಬದಲಾಯಿಸುವ ತಲೆನೋವು ಬೇಡ ಎನ್ನುವವರಿಗೆ ನಿಕಾನ್ ಪಿ950 ತರಹದ ಬ್ರಿಡ್ಜ್ ಕ್ಯಾಮೆರಾ ಇದೆ. ಬೆಳಕು ಕಮ್ಮಿ ಇದ್ದಾಗ ಅದು ಸೋಲುತ್ತದೆ, ಒಳ್ಳೆ ಬಿಸಿಲಲ್ಲಿ ಹಕ್ಕಿ ಗುರುತಿಸಲು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ.

ಹುಳಕ್ಕೆ 90 ಅಥವಾ 100 ಎಂಎಂ ಮ್ಯಾಕ್ರೊ ಲೆನ್ಸ್ (ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಇರುವ ಲೆನ್ಸಿನ ಹಿಂದೆ ಎಕ್ಸ್‌ಟೆನ್ಶನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಸೇರಿಸುವ ಟೊಳ್ಳು ಕೊಳವೆ) ಹಾಕಿ, ಅಥವಾ ಮುಂದೆ ಕ್ಲೋಸ್-ಅಪ್ ಲೆನ್ಸ್ ಸಿಕ್ಕಿಸಿ. ಮೊಬೈಲಿಗೂ ಕ್ಲಿಪ್ ಮಾಡುವ ಮ್ಯಾಕ್ರೊ ಲೆನ್ಸ್ ಸಿಗುತ್ತದೆ. ಅದರಲ್ಲಿ ಹುಳದಿಂದ ಕೆಲವೇ ಸೆಂಟಿಮೀಟರ್ ದೂರಕ್ಕೆ ಹೋಗಬೇಕಾಗುವುದರಿಂದ, ನಿಧಾನಕ್ಕೆ ಚಲಿಸುವ ಕಂಬಳಿಹುಳ, ಬಸವನಹುಳುವಿನಿಂದ ಅಭ್ಯಾಸ ಮಾಡಿ.

ಟ್ರೈಪಾಡ್ ಎಲ್ಲ ಕಡೆ ಬೇಕಾಗಿಲ್ಲ. ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಂದು ತುದಿ ಹೊಲಿದು, ರಾಗಿ ತುಂಬಿ, ಇನ್ನೊಂದು ತುದಿಯನ್ನೂ ಹೊಲಿದುಬಿಡಿ. ತೂಬಿನ ಕಲ್ಲು, ಕಾರಿನ ಕಿಟಕಿ, ನೆಲ, ಎಲ್ಲಿಟ್ಟರೂ ಲೆನ್ಸು ಅಲ್ಲಾಡದ ಹಾಗೆ ಕೂರುತ್ತದೆ. ಮಲಗಲು ಒಂದು ಗೋಣಿಚೀಲ. ಬಟ್ಟೆ ಮಣ್ಣಿನ ಬಣ್ಣದ್ದು ಅಥವಾ ಮಾಸಲು ಹಸಿರು. ಸೆಂಟು ಹಾಕಿಕೊಳ್ಳಬೇಡಿ, ಅದರಲ್ಲೂ ಹೆಜ್ಜೇನು ಇರುವ ಕಡೆ.

ಕ್ಯಾಮೆರಾ ಹೊಂದಿಸುವುದು

ರಾ ಫೈಲಿನಲ್ಲಿ (ಕ್ಯಾಮೆರಾ ಹಿಡಿದ ಮಾಹಿತಿಯನ್ನು ಹೆಚ್ಚು ಬದಲಿಸದೆ ಉಳಿಸುವ ಫೈಲು) ತೆಗೆಯಿರಿ. ಕೂತ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 1/800ರ ಆಸುಪಾಸು, ಹಾರುವ ಹಕ್ಕಿಗೆ 1/2000 ಅಥವಾ ಇನ್ನೂ ಹೆಚ್ಚು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/5.6ರಿಂದ ಎಫ್/8 (ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಆಟೊ ಇರಲಿ. ಐಎಸ್‌ಒ ಜಾಸ್ತಿಯಾಗಿ ಕಾಳು ಕಾಳಾದ ಚಿತ್ರವನ್ನು ಮನೆಯಲ್ಲಿ ಸ್ವಲ್ಪ ಸರಿ ಮಾಡಬಹುದು. ಅಲುಗಾಡಿದ ಚಿತ್ರವನ್ನು ಹಾಗೆ ಸುಧಾರಿಸಲು ಬರುವುದಿಲ್ಲ. ಫೋಕಸ್ ಕಂಟಿನ್ಯುಯಸ್‌ನಲ್ಲಿರಲಿ (ಹಕ್ಕಿ ಸರಿದರೆ ಫೋಕಸ್ಸೂ ಹಿಂಬಾಲಿಸುತ್ತದೆ), ಹೊಸ ಕ್ಯಾಮೆರಾಗಳಲ್ಲಿ ಕಣ್ಣು ಹುಡುಕುವ ಸೌಲಭ್ಯ ಇದ್ದರೆ ಆನ್ ಮಾಡಿ.

ಬೆಳಕಿನ ಲೆಕ್ಕ ಮಾತ್ರ ಕ್ಯಾಮೆರಾಕ್ಕೇ ಬಿಟ್ಟರೆ ತಪ್ಪುತ್ತದೆ. ಕಪ್ಪು ನೀರಿನ ಮುಂದೆ ನಿಂತ ಬೆಳ್ಳಕ್ಕಿಯನ್ನು ತೆಗೆದರೆ ಅದರ ಗರಿಗಳೆಲ್ಲ ಸುಣ್ಣ ಬಳಿದ ಹಾಗೆ ಒಂದೇ ಬಿಳಿ ಆಗಿಬಿಡುತ್ತವೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಚಿತ್ರವನ್ನು ಬೆಳಗಿಸುವ, ಕಪ್ಪಾಗಿಸುವ ಪ್ಲಸ್-ಮೈನಸ್ ಹೊಂದಾಣಿಕೆ) ಅನ್ನು ಮೈನಸ್ 1ರ ಹತ್ತಿರ ಇಳಿಸಿ. ಆಕಾಶದ ಮುಂದೆ ತಂತಿ ಮೇಲೆ ಕೂತ ಕಾಜಾಣಕ್ಕೆ ಇದರ ಉಲ್ಟಾ: ಪ್ಲಸ್ 1ರಿಂದ ಪ್ಲಸ್ 2. ಇಲ್ಲದಿದ್ದರೆ ಕಣ್ಣೂ ಕಾಣದ ಕಪ್ಪು ಆಕಾರ ಮಾತ್ರ ಸಿಗುತ್ತದೆ.

ಹತ್ತಿರ ಹೋಗುವುದು, ಅಥವಾ ಹೋಗದೇ ಇರುವುದು

ಹಕ್ಕಿಯ ಕಡೆಗೆ ನೇರ ನಡೆಯಬೇಡಿ. ನೇರ ಬರುವುದು ಬೇಟೆಯಾಡುವ ಪ್ರಾಣಿ. ಓರೆಯಾಗಿ, ಬೇರೆಲ್ಲೋ ಹೋಗುತ್ತಿರುವವರ ಹಾಗೆ ನಾಲ್ಕು ಹೆಜ್ಜೆ ಹಾಕಿ, ನಿಲ್ಲಿ. ಕೂತುಕೊಳ್ಳಿ. ಹಕ್ಕಿ ಮೇವು ತಿನ್ನುವುದನ್ನು ಮುಂದುವರಿಸಿದರೆ ಇನ್ನು ನಾಲ್ಕು ಹೆಜ್ಜೆ. ತಲೆಯೆತ್ತಿ ಮೈ ಬಿಗಿ ಹಿಡಿದು ನಿಮ್ಮನ್ನೇ ನೋಡಿದರೆ ನಿಲ್ಲಬೇಕು. ಹಿಕ್ಕೆ ಹಾಕಿ, ಮೈ ಬಗ್ಗಿಸಿತು ಅಂದರೆ ಹಾರಲು ರೆಡಿಯಾಗಿದೆ, ಆಗಲೇ ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ.

ಇದಕ್ಕಿಂತ ಒಳ್ಳೆಯ ದಾರಿ ಮೊದಲೇ ಹೋಗಿ ಕೂರುವುದು. ನನಗೆ ಇದನ್ನು ಕಲಿಸಿದ್ದು ಒಂದು ಕಳ್ಳಿಪೀರ. ಏರಿಯ ಮೇಲಿನ ಜಾಲಿಯಲ್ಲಿ ಎಲೆ ಉದುರಿದ ಒಂದು ಕಡ್ಡಿ, ಬೆರಳಷ್ಟು ದಪ್ಪ. ಆ ಹಕ್ಕಿ ಅಲ್ಲಿಂದ ಚಿಮ್ಮಿ ಹೋಗಿ ಗಾಳಿಯಲ್ಲೇ ಜೇನ್ನೊಣ ಹಿಡಿದು, ಸುತ್ತಿ ಅದೇ ಕಡ್ಡಿಗೆ ಬಂದು ಕೂರುತ್ತಿತ್ತು. ಹತ್ತು ಸಲದಲ್ಲಿ ಏಳೆಂಟು ಸಲ ಅದೇ ಕಡ್ಡಿ. ನಾನು ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಆ ಕಡ್ಡಿಯಿಂದ ಎಂಟು ಮಾರು ದೂರದಲ್ಲಿ ಬೇಲಿಗೆ ಒರಗಿ ಕೂತೆ. ಮೊದಲ ಅರ್ಧ ಗಂಟೆ ಅದು ಬರಲೇ ಇಲ್ಲ. ಆಮೇಲೆ ಬಂತು. ಕೊಕ್ಕಿನಲ್ಲಿ ನೊಣ ಇತ್ತು. ತಲೆಯನ್ನು ಆ ಕಡೆ ಈ ಕಡೆ ಬೀಸಿ ನೊಣವನ್ನು ಕಡ್ಡಿಗೆ ಟಕ್ ಟಕ್ ಅಂತ ಬಡಿಯಿತು. ನೊಣದ ಹೊಟ್ಟೆಯ ತುದಿಯನ್ನು ಕಡ್ಡಿಗೆ ತಿಕ್ಕಿತು. ಮುಳ್ಳು ತೆಗೆಯುವುದು ಹಾಗೆ. ನೊಣವನ್ನು ಗಾಳಿಗೆ ಎಸೆದು, ಬಾಯಗಲಿಸಿ ನುಂಗಿತು. ಇಷ್ಟೂ ನನ್ನ ಕಣ್ಣೆದುರೇ ಆಯಿತು, ಅದಕ್ಕೆ ನನ್ನ ಮೇಲೆ ಲಕ್ಷ್ಯವೇ ಇರಲಿಲ್ಲ. ಆ ಸಂತೋಷವನ್ನು ಹೇಗೆ ಹೇಳುವುದೋ ಗೊತ್ತಿಲ್ಲ.

ಹೀಗೆ ಕಡ್ಡಿ ಗೊತ್ತಾದರೆ ಅದರ ಮೇಲೆ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಬಹುದು. ಹಿಂದೆ ಏನಿದೆ ನೋಡಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ವಿದ್ಯುತ್ ಕಂಬ ಹೋಗಿ, ದೂರದ ಗದ್ದೆಯ ಹಸಿರು ಬರುತ್ತದೆ. ಹಿನ್ನೆಲೆ ದೂರ ಇದ್ದಷ್ಟೂ ಮೆತ್ತಗೆ ಕರಗುತ್ತದೆ.

ಇನ್ನೊಂದು ಮುಖ್ಯ ವಿಷಯ ಎತ್ತರ. ನಿಂತುಕೊಂಡು ಕೆಳಗಿನ ಹಕ್ಕಿಯನ್ನು ತೆಗೆದರೆ ಬೆನ್ನು ಮಾತ್ರ ಕಾಣುತ್ತದೆ. ಗೋಣಿಚೀಲ ಹಾಸಿ ಮಲಗಿ, ಲೆನ್ಸನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ತನ್ನಿ. ಸಿಪಿಲೆಯಂಥ ಚಿಕ್ಕ ಹಕ್ಕಿಯೂ ತನ್ನ ಲೋಕದಲ್ಲಿ ಎಷ್ಟು ಗಂಭೀರವಾಗಿ ಓಡಾಡುತ್ತದೆ ಅಂತ ಆಗ ಕಾಣುತ್ತದೆ.

ಕಾರಿನಲ್ಲಿ ಕೂತು ತೆಗೆಯುವುದೂ ಒಳ್ಳೆಯದೇ. ಎಷ್ಟೋ ಹಕ್ಕಿಗಳು ಕಾರಿಗೆ ಹೆದರುವುದಿಲ್ಲ, ಬಾಗಿಲು ತೆಗೆದರೆ ಮಾತ್ರ ಹಾರುತ್ತವೆ. ಎಂಜಿನ್ ನಿಲ್ಲಿಸಿ, ಕಿಟಕಿಗೆ ರಾಗಿ ಚೀಲ ಇಡಿ. ರಂಗನತಿಟ್ಟಿನಂಥ ಕಡೆ ದೋಣಿಯಲ್ಲಿ ಹೋಗುವಾಗ ಶಟರ್ 1/1000ಕ್ಕಿಂತ ಕೆಳಗೆ ಇಳಿಸಬೇಡಿ, ದೋಣಿ ಅಲುಗಾಡುತ್ತಲೇ ಇರುತ್ತದೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ ಪಕ್ಷಿಧಾಮವಾದ ಜಾಗ ಅದು. ದೋಣಿಯವರಿಗೆ ಯಾವ ಬಂಡೆ ಮೇಲೆ ಯಾವ ಹಕ್ಕಿ ಅಂತ ನಮಗಿಂತ ಚೆನ್ನಾಗಿ ಗೊತ್ತು. 'ಇನ್ನೂ ಹತ್ತಿರ ಹೋಗಿ' ಅಂತ ಅವರನ್ನು ಒತ್ತಾಯ ಮಾಡಬೇಡಿ.

ಹಾರುವ ಹಕ್ಕಿಗೆ ಒಂದೇ ಗುಟ್ಟು: ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಹಾರಲು ಏಳುತ್ತವೆ, ಇಳಿಯುವುದೂ ಹಾಗೇ. ಗಾಳಿ ಮತ್ತು ಸೂರ್ಯ ಎರಡೂ ನಿಮ್ಮ ಬೆನ್ನಿಗಿದ್ದರೆ ಅವು ನಿಮ್ಮ ಕಡೆಗೇ ಮುಖ ಮಾಡಿ ಬರುತ್ತವೆ. ಬೆಳ್ಳಕ್ಕಿ, ಗರುಡದಂಥ ದೊಡ್ಡ, ನಿಧಾನದ ಹಕ್ಕಿಗಳಲ್ಲಿ ಕೈ ಪಳಗಿಸಿ.

ಗೂಡಿನ ವಿಷಯ

ಇದನ್ನು ಬರೆಯಲು ನನಗೆ ಈಗಲೂ ಕಷ್ಟವಾಗುತ್ತದೆ. ಮೊದಲ ವರ್ಷ ಮನೆ ಹತ್ತಿರದ ದಾಸವಾಳ ಗಿಡದಲ್ಲಿ ಕೆಮ್ಮೀಸೆ ಪಿಕಳಾರದ ಗೂಡು ಸಿಕ್ಕಿತು. ಎರಡು ಮರಿ. ಗೂಡಿಗೆ ಅಡ್ಡ ಬರುತ್ತಿದ್ದ ಒಂದು ಕೊಂಬೆಯನ್ನು ದಾರದಿಂದ ಪಕ್ಕಕ್ಕೆ ಕಟ್ಟಿದೆ. ಫೋಟೊ ಚೆನ್ನಾಗಿ ಬಂತು. ದಾರ ಬಿಚ್ಚಲು ಮರೆತೆ. ಮಾರನೆ ದಿನ ಹೋಗಿ ನೋಡಿದರೆ ಗೂಡು ಖಾಲಿ, ಪಕ್ಕದಲ್ಲೇ ಒಂದು ಕೆಂಬೂತ ಓಡಾಡುತ್ತಿತ್ತು. ತಾಯಿ ಹಕ್ಕಿ ಬಾಯಲ್ಲಿ ಹುಳ ಹಿಡಿದುಕೊಂಡು ಎರಡು ದಿನ ಅದೇ ಗಿಡಕ್ಕೆ ಬಂದು ಹೋಗುತ್ತಿತ್ತು. ಆ ಫೋಟೊವನ್ನು ನಾನು ಯಾರಿಗೂ ತೋರಿಸಿಲ್ಲ.

ಆ ಎಲೆಗಳು ನಮಗೆ ಅಡ್ಡ, ಗೂಡಿಗೆ ಮಾತ್ರ ಅದೇ ಮರೆ, ಅದೇ ನೆರಳು. ನಾವು ಸರಿಸಿದ ಜಾಗದಿಂದ ಕಾಗೆ, ಕೆಂಬೂತ, ಬಿಸಿಲು ಎಲ್ಲವೂ ಒಳಗೆ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ಲೆಕ್ಕದಲ್ಲೇ ಸೇರಿಸುತ್ತದೆ. ಹಾಗಾಗಿ ಚಿಕ್ಕ ಹಕ್ಕಿಗಳ ಗೂಡು ಕಂಡರೆ ದಾರಿ ಬದಲಿಸಿ. ಕೆರೆ ಅಂಗಳದಲ್ಲಿ ನಡೆಯುವಾಗ ಟಿಟ್ಟಿಭ ತಲೆ ಮೇಲೆ ಕಿರುಚುತ್ತಾ ಸುತ್ತಿದರೆ ನಿಮ್ಮ ಕಾಲ ಹತ್ತಿರವೇ ಎಲ್ಲೋ ಮೊಟ್ಟೆ ಇದೆ. ಮಣ್ಣಿನ ಬಣ್ಣದ ಮೊಟ್ಟೆ, ನೆಲದ ಮೇಲೇ ಇರುತ್ತದೆ. ಕಾಲಿಡುವ ಕಡೆ ನೋಡಿಕೊಂಡು, ಬಂದ ದಾರಿಯಲ್ಲೇ ವಾಪಸ್ ಬನ್ನಿ.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವುದೂ ಬೇಡ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಗೂಬೆ ಮುಖಕ್ಕೆ ಫ್ಲಾಶ್ ಹೊಡೆಯಬೇಡಿ. ಅನುಮತಿ ಇಲ್ಲದೆ ಅರಣ್ಯದಲ್ಲಿ ಡ್ರೋನ್ ಹಾರಿಸಬೇಡಿ.

ಹುಳಗಳ ಲೋಕಕ್ಕೆ ಇಳಿಯುವುದು

ಹಕ್ಕಿಗೆ ಕಾಯುವುದು ಕಲಿತವರಿಗೆ ಹುಳ ಕಷ್ಟವಲ್ಲ. ಇಲ್ಲಿ ನಿಮ್ಮ ಕಡೆಗಿರುವುದು ಚಳಿ. ಹುಳಗಳಿಗೆ ಮೈ ಬೆಚ್ಚಗಾಗದೆ ಚುರುಕು ಬರುವುದಿಲ್ಲ. ಬೆಳಿಗ್ಗೆ ಆರೂವರೆಗೆ ಗದ್ದೆ ಬದುವಿಗೆ ಹೋದರೆ ಏರೋಪ್ಲೇನ್ ಚಿಟ್ಟೆಗಳು ಹುಲ್ಲಿನ ಕಡ್ಡಿಗೆ ಕಚ್ಚಿಕೊಂಡು ಮಲಗಿರುತ್ತವೆ.

ಅಕ್ಟೋಬರ್‌ನ ಒಂದು ಬೆಳಿಗ್ಗೆ ಹೀಗೆ ಒಂದನ್ನು ನೋಡಿದೆ. ರೆಕ್ಕೆಯ ಒಂದೊಂದು ಚೌಕಕ್ಕೂ ಒಂದೊಂದು ಹನಿ. ಕಣ್ಣಿನ ಮೇಲೂ ಇಬ್ಬನಿ. ಮುಂಗಾಲು ಎತ್ತಿ, ನಾವು ಕನ್ನಡಕ ಒರೆಸಿದ ಹಾಗೆ, ಆ ಕಣ್ಣನ್ನು ಮೆಲ್ಲಗೆ ಒರೆಸಿಕೊಂಡಿತು. ಏಳೂಕಾಲಿಗೆ ಬಿಸಿಲು ಬದುವಿಗೆ ಬಿತ್ತು. ರೆಕ್ಕೆ ಸಣ್ಣಗೆ ನಡುಗಲು ಶುರುವಾಯಿತು. ಮೈ ಬಿಸಿ ಮಾಡಿಕೊಳ್ಳುವ ರೀತಿ ಅದು. ಹನಿಗಳು ಉದುರಿದವು, ಹಾರಿಹೋಯಿತು. ಆ ಮುಕ್ಕಾಲು ಗಂಟೆ ಮ್ಯಾಕ್ರೊಗೆ ಸಿಗುವ ಅತಿ ಒಳ್ಳೆಯ ಹೊತ್ತು. ನೀವೇ ನೀರು ಚಿಮುಕಿಸುವುದು, ಫ್ರಿಜ್ಜಿನಲ್ಲಿಟ್ಟು ಮಂಕು ಮಾಡುವುದು ಬೇಡ. ಕೆಲವರು ಮಾಡುತ್ತಾರೆ. ಅದು ಹಿಂಸೆ.

ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್ ಅಷ್ಟೇ. ಎಫ್/8ರಿಂದ ಎಫ್/11 ಇಡಿ. ಅದಕ್ಕಿಂತ ಮುಚ್ಚಿದರೆ ಆಳ ಹೆಚ್ಚಿದರೂ ಇಡೀ ಚಿತ್ರ ಮೆತ್ತಗಾಗುತ್ತದೆ. ಇದ್ದ ಆಳವನ್ನು ಪೂರ್ತಿ ಬಳಸಿಕೊಳ್ಳಲು ಹುಳದ ಮೈಗೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿಯಿರಿ. ರೆಕ್ಕೆ ಮಡಚಿ ಕೂತ ಚಿಟ್ಟೆಯನ್ನು ಪಕ್ಕದಿಂದ ನೇರ, ರೆಕ್ಕೆ ಹರಡಿದ್ದರೆ ಮೇಲಿನಿಂದ ನೇರ. ಎದುರಿನಿಂದ ತೆಗೆದರೆ ಕಣ್ಣು ಮಾತ್ರ ಸ್ಪಷ್ಟ ಬಂದರೂ ಸಾಕು.

ಆಟೊಫೋಕಸ್ ಇಲ್ಲಿ ಒದ್ದಾಡುತ್ತದೆ. ಮ್ಯಾನುಯಲ್ ಮಾಡಿ, ಲೆನ್ಸಿನ ಉಂಗುರ ಮುಟ್ಟದೆ, ನೀವೇ ಕೂದಲೆಳೆಯಷ್ಟು ಮುಂದೆ ಹಿಂದೆ ಬಾಗಿ. ಕಣ್ಣು ಚುರುಕಾಗಿ ಕಂಡ ಕ್ಷಣ ಒತ್ತಿ. ಉಸಿರು ಅರ್ಧ ಬಿಟ್ಟು ಹಿಡಿದುಕೊಂಡರೆ ಕೈ ನಿಲ್ಲುತ್ತದೆ. ಗಾಳಿ ಇದ್ದರೆ ಎಡಗೈಯಲ್ಲಿ ಹುಲ್ಲಿನ ಕಡ್ಡಿಯ ಬುಡ ಹಿಡಿದು, ಅದೇ ಕೈ ಮೇಲೆ ಲೆನ್ಸ್ ಇಡಿ. ಎರಡೂ ಒಟ್ಟಿಗೆ ಅಲ್ಲಾಡಿದರೆ ಫೋಕಸ್ ತಪ್ಪುವುದು ಕಮ್ಮಿ.

ಪೊದೆಯೊಳಗೆ ಬೆಳಕು ಸಾಲದಿದ್ದಾಗ ಫ್ಲಾಶ್ ಬೇಕಾಗುತ್ತದೆ. ಬರೀ ಫ್ಲಾಶ್ ಹೊಡೆದರೆ ಜೀರುಂಡೆಯ ಬೆನ್ನಿನ ಮೇಲೆ ಬಿಳಿ ಚುಕ್ಕೆ ಬಿದ್ದು ಬಣ್ಣವೇ ಹೋಗುತ್ತದೆ. ಟಿವಿ, ಮಿಕ್ಸಿ ಪ್ಯಾಕಿಂಗ್‌ಗೆ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆ ಇದೆಯಲ್ಲ, ಅದನ್ನು ಎರಡು ಪದರ ಮಾಡಿ ಫ್ಲಾಶಿಗೂ ಹುಳಕ್ಕೂ ನಡುವೆ ಬರುವ ಹಾಗೆ ಕಟ್ಟಿ. ಶಟರ್ 1/200, ಫ್ಲಾಶ್ ಶಕ್ತಿ 1/16ರಿಂದ ಶುರು ಮಾಡಿ ನೋಡಿಕೊಳ್ಳಿ.

ಹಕ್ಕಿಯ ಹಾಗೆ ಹುಳದ್ದೂ ಜಾಗ ಗೊತ್ತಿರಬೇಕು. ಮಳೆ ನಿಂತ ಮೇಲೆ ತೊರೆ ಪಕ್ಕದ ಒದ್ದೆ ಮರಳಿನಲ್ಲಿ ಗಂಡು ಚಿಟ್ಟೆಗಳು ಗುಂಪಾಗಿ ಕೂತು ಉಪ್ಪಿನಂಶ ಹೀರುತ್ತವೆ, ಆಗ ಅವಕ್ಕೆ ಬೇರೆ ಕಡೆ ಗಮನ ಇರುವುದಿಲ್ಲ. ಮಾವಿನ ಮರದ ಚಗಳಿ ಗೂಡಿನ ಹತ್ತಿರ ಕೂತರೆ ಎಲೆಯ ಎರಡು ಅಂಚನ್ನು ಇರುವೆಗಳು ಸಾಲಾಗಿ ಎಳೆದು ಹಿಡಿಯುವುದನ್ನು ನೋಡಬಹುದು. ಇನ್ನು ಕೆಲವು ಇರುವೆಗಳು ತಮ್ಮ ಮರಿಹುಳವನ್ನೇ ಬಾಯಲ್ಲಿ ಹಿಡಿದು, ಅದು ಬಿಡುವ ರೇಷ್ಮೆ ಎಳೆಯಿಂದ ಆ ಅಂಚುಗಳನ್ನು ಹೊಲಿಯುತ್ತವೆ. ತೋಳು ತುಂಬಾ ಕಚ್ಚಿಸಿಕೊಂಡರೂ ನೋಡಲೇಬೇಕಾದ ಕೆಲಸ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕಾಣಬೇಕಾದರೆ ಮಲೆನಾಡು, ಕೊಡಗಿನ ಕಡೆ ಹೋಗಿ. ಅದು ಎತ್ತರದಲ್ಲಿ ತೇಲುತ್ತದೆ, ಹೂವಿಗೆ ಇಳಿದಾಗಲೂ ರೆಕ್ಕೆ ಬಡಿಯುವುದನ್ನು ನಿಲ್ಲಿಸುವುದಿಲ್ಲ. ಶಟರ್ 1/1000 ಮೇಲಿರಲಿ.

ನಿಮ್ಮ ಮೈ ಕಡೆಗೂ ಗಮನ ಇರಲಿ

ಲೆನ್ಸಿನಲ್ಲಿ ಕಣ್ಣಿಟ್ಟಾಗ ಕಾಲ ಬುಡದ ಹಾವು ಕಾಣುವುದಿಲ್ಲ. ಮಲಗುವ ಮುಂಚೆ ಕೋಲಿನಿಂದ ಹುಲ್ಲು ಅಲ್ಲಾಡಿಸಿ. ಪಾದ ಮುಚ್ಚುವ ಶೂ ಹಾಕಿ. ಮಲೆನಾಡಿನ ಮಳೆಯಲ್ಲಿ ಇಂಬಳ ಹತ್ತುವುದು ಮಾಮೂಲು, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿದರೆ ಕಮ್ಮಿಯಾಗುತ್ತದೆ. ಇಂಬಳಕ್ಕಿಂತ ಜಾಸ್ತಿ ಎಚ್ಚರ ಬೇಕಾಗಿರುವುದು ರಕ್ತ ಹೀರುವ ಉಣ್ಣೆ ಹುಳಕ್ಕೆ (ಉಣುಗು). ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡ ಕಾಯಿಲೆ ಅದು. ಚಳಿಗಾಲ, ಬೇಸಿಗೆಯಲ್ಲಿ ಆ ಕಡೆಯ ಕಾಡಿಗೆ ಹೋಗುವ ಮುಂಚೆ ಊರಿನವರನ್ನು ಕೇಳಿ. ಮಂಗ ಸತ್ತಿದೆ ಅಂದ ಜಾಗಕ್ಕೆ ಹೋಗಲೇಬೇಡಿ. ವಾಪಸ್ ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈಯೆಲ್ಲ ಹುಡುಕಿ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ

ಅವತ್ತೇ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ. ಕಣ್ಣು ಸ್ಪಷ್ಟ ಇಲ್ಲದ್ದನ್ನು ಅಳಿಸಿ. ಬೆಳಕು, ನೆರಳು ಸ್ವಲ್ಪ ಸರಿ ಮಾಡಿ, ಬೇಕಾದಷ್ಟು ಕ್ರಾಪ್ ಮಾಡಿ ನಿಲ್ಲಿಸಿ. ನೀಲಕಂಠದ ನೀಲಿಗೆ ಇನ್ನಷ್ಟು ಬಣ್ಣ ತುಂಬುವ ಅಗತ್ಯವೇ ಇಲ್ಲ.

ಹೆಸರು ಗೊತ್ತಿಲ್ಲದ ಹುಳವನ್ನು ಐನ್ಯಾಚುರಲಿಸ್ಟ್‌ ಜಾಲತಾಣಕ್ಕೆ, ಹಕ್ಕಿ ಪಟ್ಟಿಯನ್ನು ಇಬರ್ಡ್‌ ಜಾಲತಾಣಕ್ಕೆ ಹಾಕಿ. ತಿಳಿದವರು ಹೆಸರು ಹೇಳುತ್ತಾರೆ, ನಿಮ್ಮ ಕೆರೆಯಲ್ಲಿ ಏನಿದೆ ಅನ್ನುವ ದಾಖಲೆಯೂ ಉಳಿಯುತ್ತದೆ. ಒಂದು ಕೆರೆಯನ್ನು ಮುಚ್ಚುವ ಮಾತು ಬಂದಾಗ ಇಂಥ ಪಟ್ಟಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಗೂಬೆಯ ಪೊಟರೆ, ಅಪರೂಪದ ಹಕ್ಕಿಯ ತಾಣ ಇವುಗಳ ಸರಿಯಾದ ಜಾಗವನ್ನು ಮಾತ್ರ ಎಲ್ಲೂ ಹಾಕಬೇಡಿ. ಒಬ್ಬರು ಹಾಕಿದರೆ ಮುಂದಿನ ಭಾನುವಾರ ಅಲ್ಲಿ ಇಪ್ಪತ್ತು ಜನ ಇರುತ್ತಾರೆ.

ಕೊನೆಗೆ ಲೆನ್ಸು. ನಮ್ಮ ಮಳೆಗಾಲದ ತೇವಕ್ಕೆ ಗಾಜಿನೊಳಗೆ ಬೂಷ್ಟು ಬರುತ್ತದೆ. ಒದ್ದೆಯಾದ ಬ್ಯಾಗಿನಲ್ಲೇ ಬಿಡಬೇಡಿ. ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಇಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಅಂತ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾದ ಮೇಲೆ ಆರಿಸಿ ಡಬ್ಬಿಗೆ ಹಾಕಿ. ಬ್ಯಾಟರಿ ಚಾರ್ಜಿಗೆ ಹಾಕಿ, ಅಲಾರಂ ಐದೂವರೆಗೆ ಇಟ್ಟು ಮಲಗಿ.